ತಕ್ಕಡಿಗೆ ಹಸಿವಾಗುವುದಿಲ್ಲ

ಊಟಕ್ಕೆ ಕುಳಿತ ಕೂಡಲೇ ಅವರು ಮೊದಲು ತಮ್ಮ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಕಣ್ಣು ಅರ್ಧ ಮುಚ್ಚಿ ತಮ್ಮ ಭಾಷೆಯಲ್ಲಿ ಏನೋ ಕೇಳುತ್ತಿದ್ದರು. ಮೊದಲ ಸಲ ನೋಡಿದಾಗ ದೇವರನ್ನು ನೆನೆಯುತ್ತಿರಬೇಕು ಎಂದುಕೊಂಡು ನಾನೂ ಸೆರಗು ಹೊದ್ದು ಕೈಮುಗಿದು ಕುಳಿತೆ. ಅಳಿಯ ನಗು ತಡೆದುಕೊಂಡು ಹೇಳಿದರು: "ದೇವರಿಗಲ್ಲ ಅತ್ತೆ, ಹೊಟ್ಟೆಗೆ ಕೇಳ್ತಿದಾರೆ. ‘ಏನಮ್ಮಾ, ಏನು ಬೇಕು ನಿಂಗೆ ಇವತ್ತು’ ಅಂತ."

ಹೊಟ್ಟೆಯನ್ನು ಹೀಗೆ ಮಾತಾಡಿಸುವವರನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಜರ್ಮನಿಯಲ್ಲಿ ಮಗಳ ನೆರೆಯವರಾದ, ಎಪ್ಪತ್ತು ದಾಟಿದ ಆ ಹೆಣ್ಣುಮಗಳು ಕಳೆದ ತಿಂಗಳು ತಮ್ಮ ಶನಿವಾರದ ಊಟದ ಪಂಕ್ತಿಯನ್ನು ಬಿಟ್ಟುಕೊಟ್ಟರು. ಯಾರ ಕೈಗೆ ಕೊಟ್ಟರು ಎಂಬುದನ್ನು ಕಡೆಗೆ ಹೇಳುತ್ತೇನೆ. ಈಗಲೇ ಬರೆದರೆ ಸಂತೋಷಕ್ಕೆ ನನ್ನ ಕೈ ಮುಂದೆ ಓಡುವುದಿಲ್ಲ. ಓಣಿಯಲ್ಲಿ ಹೇಳದೆ ಉಳಿದ ಮನೆ ಒಂದೂ ಇಲ್ಲ, ಹಾಲಿನವನಿಗೂ ಹೇಳಿದ್ದೇನೆ. ಆದರೆ ಅವರು ಎಂಥವರು ಎಂದು ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅದು ನನ್ನ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ. ತಪ್ಪು ಬರೆದು ಅವಮಾನ ಮಾಡುವುದು ಬೇಡ. ನಮ್ಮ ಕಡೆ ಮರ್ಯಾದೆಯ ಹೆಣ್ಣುಮಕ್ಕಳನ್ನು ಕರೆಯುವಂತೆ ನಾನು ಅವರನ್ನು ಬಾಯಿ, ಬಾಯಾರ ಎಂದೇ ಕರೆದೆ. ಅವರು ನನ್ನನ್ನು ಅವ್ವಾ ಎಂದರು, ನನಗಿಂತ ಐದೇ ವರ್ಷ ಚಿಕ್ಕವರಾದರೂ. ಅವರಾಡಿದ್ದು ಜರ್ಮನ್ ಮತ್ತು ಇಂಗ್ಲಿಷ್. ನನ್ನ ಕಿವಿಗೆ ಅದೆಲ್ಲ ಮಗಳ ಬಾಯಿಂದ ದಾಟಿ ಬರುತ್ತಿತ್ತು. ಹೀಗಾಗಿ ನನ್ನ ನೆನಪಿನಲ್ಲಿ ಅವರು ಬಾಗಲಕೋಟೆಯ ಮಾತನ್ನೇ ಆಡುತ್ತಾರೆ.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಮ್ಮ ಮನೆಯವರದು ಹಿಟ್ಟಿನ ಗಿರಣಿ. ಅದರ ಧೂಳಿನಲ್ಲೇ ನನ್ನ ಕೂದಲು ಬೆಳ್ಳಗಾದದ್ದು. ಹಿಟ್ಟನ್ನು ಬೆರಳಿನಲ್ಲಿ ಹಿಸುಕಿ ಜೋಳ ಹೊಸದೋ ಹಳೆಯದೋ ಹೇಳುತ್ತಿದ್ದೆ, ಅಷ್ಟೇ ನನ್ನ ವಿದ್ಯೆ. ಓದಿದವಳು ನನ್ನ ಒಬ್ಬಳೇ ಮಗಳು ಸವಿತಾ. ಜರ್ಮನಿಯವರು ಗ್ರೀನ್ ಕಾರ್ಡ್ ಎಂದು ಕೊಟ್ಟು ಕಂಪ್ಯೂಟರ್ ಓದಿದ ಹುಡುಗರನ್ನು ಕರೆಯುತ್ತಿದ್ದ ವರ್ಷಗಳವು. ಹುಡುಗಿಯರೂ ಹೋದರು ಎಂದು ಯಾರೂ ಹೇಳುವುದಿಲ್ಲ; ನನ್ನ ಮಗಳು ಹೋದಳು. ಕಾರ್ಡು ಮೊದಲು ಬಂದದ್ದು ಅವಳಿಗೆ. ಮೈಸೂರಿನವರಾದ ಅಳಿಯ ಆಮೇಲೆ ವಾಲ್‌ಡಾರ್ಫಿನಲ್ಲಿ ಕೆಲಸ ಹಿಡಿದು ಹಿಂದಿನಿಂದ ಹೋದರು. ಹೈಡೆಲ್‌ಬರ್ಗಿನ ಅಂಚಿನಲ್ಲಿ, ಎರಡನೆಯ ಮಹಡಿಯಲ್ಲಿ ಅವರ ಮನೆ. ಮೊಮ್ಮಗಳು ಬನಶ್ರೀ ಹುಟ್ಟಿದ್ದು ಅಲ್ಲೇ.

ನನಗೆ ವೀಸಾ ಸಿಗುವಷ್ಟರಲ್ಲಿ ಕೂಸಿಗೆ ಒಂದೂವರೆ ತಿಂಗಳಾಗಿತ್ತು. ಸೂಟ್‌ಕೇಸಿನಲ್ಲಿ ಸೀರೆ ನಾಲ್ಕೇ. ಉಳಿದದ್ದೆಲ್ಲ ಜೋಳದ ಹಿಟ್ಟು, ಅಂಟಿನುಂಡೆ, ನಾವು ಹಿಂಡಿ ಎನ್ನುವ ಶೇಂಗಾ ಮತ್ತು ಅಗಸಿಯ ಚಟ್ನಿಪುಡಿ, ಒಂದು ಡಬ್ಬಿ ತುಪ್ಪ, ರೊಟ್ಟಿ ಬಡಿಯುವ ಮಣೆ. ಬಾಣಂತಿಯನ್ನು ಮೂರು ತಿಂಗಳಲ್ಲಿ ತುಂಬಿದ ಕೊಡದಂತೆ ಮಾಡಿ ಬರುತ್ತೇನೆ ಎಂದು ಗಿರಣಿಯ ಗಿರಾಕಿಗಳಿಗೆಲ್ಲ ಹೇಳಿ ಹೊರಟಿದ್ದೆ.

ಬಾಗಿಲು ತೆರೆದ ಮಗಳನ್ನು ನೋಡಿ ಸೂಟ್‌ಕೇಸನ್ನು ಹೊಸ್ತಿಲಲ್ಲೇ ಬಿಟ್ಟೆ. ಕೊರಳ ಎಲುಬು ಎದ್ದು ಕಾಣುತ್ತಿತ್ತು. ಕೆನ್ನೆಯಲ್ಲಿ ರಕ್ತವಿಲ್ಲ. ಅಡುಗೆಮನೆಯ ಮೇಜಿನ ಮೇಲೆ ದೇವರಂತೆ ಒಂದು ತಕ್ಕಡಿ ಕುಳಿತಿತ್ತು, ಅಂಗೈಯಷ್ಟು ಅಗಲ, ಗುಂಡಿ ಒತ್ತಿದರೆ ಅಂಕಿ ಹೊಳೆಯುವಂಥದ್ದು. ಫ್ರಿಜ್ಜಿನ ಬಾಗಿಲಿಗೆ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಕಾಗದ. ಅನ್ನ ಇಷ್ಟು ಗ್ರಾಂ, ಬೇಳೆ ಇಷ್ಟು ಗ್ರಾಂ, ತುಪ್ಪ ಇಲ್ಲವೇ ಇಲ್ಲ. ಸವಿತಾ ಅರ್ಧ ಬಟ್ಟಲು ಬೇಳೆಯನ್ನು ಅದರ ಮೇಲಿಟ್ಟು, ಅಂಕಿ ನೋಡಿ, ಒಂದು ಚಮಚ ವಾಪಸ್ ಪಾತ್ರೆಗೆ ಸುರಿದಳು.

"ಏನಿದು ಸವಿ? ಬಂಗಾರ ತೂಗಿದ್ಹಂಗ ತೂಗಾಕತ್ತೀಯಲ್ಲ?"

"ಅವ್ವಾ, ನೀ ಸುಮ್ನಿರು. ಮೂರ ತಿಂಗಳಿಗೆ ಆಫೀಸಿಗೆ ಹೋಗಬೇಕು. ಹಳೇ ಪ್ಯಾಂಟ್ ಒಂದೂ ಹತ್ತವಲ್ದು."

ಪ್ಯಾಂಟು ಒಂದೇ ಅಲ್ಲ ಎಂದು ನಿಧಾನವಾಗಿ ತಿಳಿಯಿತು. ಅವಳಿದ್ದ ಸಣ್ಣ ಕಂಪನಿಯಲ್ಲಿ ಮಧ್ಯಾಹ್ನ ರೊಟ್ಟಿ ಡಬ್ಬಿ ಬಿಚ್ಚಿದ ದಿನ ಪಕ್ಕದ ಮೇಜಿನವಳು ಮೂಗು ಮುಚ್ಚಿ ಕಿಟಕಿ ತೆರೆದಳಂತೆ. "ಇಷ್ಟೊಂದು ಹಿಟ್ಟು ತಿಂತೀರಾ ನೀವು?" ಎಂದಳಂತೆ. ಅಂದಿನಿಂದ ಡಬ್ಬಿ ನಿಂತಿತು. ಬಸುರಿಯಾದಾಗ ಮೈ ಬಂತು, ಹೆತ್ತ ಮೇಲೆ ಸೊಂಟ ಇಳಿಯಲಿಲ್ಲ, ತಕ್ಕಡಿ ಬಂತು. ಮನೆಗೆ ಬರುವ ಸೂಲಗಿತ್ತಿ, ಹೆಬಾಮೆ ಎನ್ನುತ್ತಾರೆ ಅಲ್ಲಿ, ಕೂಸನ್ನು ತೂಗಿ ಮುಖ ಸಣ್ಣದು ಮಾಡುತ್ತಿದ್ದಳು. "ತಾಯಿ ಉಣ್ಣಬೇಕು," ಎಂದು ಪ್ರತಿ ಸಲ ಹೇಳಿ ಹೋಗುತ್ತಿದ್ದಳು. ಹೇಳುವುದು ಸುಲಭ. ಊಟಕ್ಕೇ ಹೆದರುವವಳಿಗೆ ಉಣ್ಣಿಸುವುದು ಹೇಗೆ?

ಅಂಥ ಒಂದು ಭಾನುವಾರ ಮಧ್ಯಾಹ್ನ ನಾನು ಮಣೆ ಹಾಕಿಕೊಂಡು ಕೂತೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ ಬಡಿಯತೊಡಗಿದೆ. ಟಪ ಟಪ ಟಪ. ಒಳಗಿನಿಂದ ಅಳಿಯ ಓಡಿ ಬಂದರು.

"ಅತ್ತೆ, ನಿಲ್ಲಿಸಿ, ನಿಲ್ಲಿಸಿ! ಭಾನುವಾರ ಇವತ್ತು!"

"ಭಾನುವಾರ ಇವ್ರು ಉಣ್ಣೂದಿಲ್ಲೇನ್ರಿ?"

"ಉಣ್ತಾರೆ, ಸದ್ದು ಮಾಡದೆ ಉಣ್ತಾರೆ! ಕೆಳಗೆ ಗೋಡೆ ಮೇಲೆ ಹೌಸ್‌ಓರ್ಡ್ನುಂಗ್ ಹಾಕಿಲ್ವಾ, ಈ ಮನೆಗಳ ಕಾನೂನು? ಒಂದರಿಂದ ಮೂರು ಗಂಟೆ ಗಲಾಟೆ ಮಾಡಂಗಿಲ್ಲ. ಓನರ್‌ಗೆ ಲೆಟರ್ ಹೋಗತ್ತೆ ಅತ್ತೆ."

ಮಣೆಯ ಕೆಳಗೆ ಟವೆಲು ಮಡಚಿಟ್ಟೆ. ಟಪ ಟಪ ಹೋಗಿ ಧಪ ಧಪ ಆಯಿತು. ಎರಡನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಬಾಗಿಲು ಬಡಿದ ಸದ್ದು. ಅಳಿಯನ ಮುಖ ಬಿಳಿಚಿತು. ಬಾಗಿಲು ತೆಗೆದವರೇ ಜರ್ಮನ್ನಿನಲ್ಲಿ ಕ್ಷಮೆ ಕೇಳಲು ಶುರುಮಾಡಿದರು, ಎದುರಿಗೆ ಯಾರಿದ್ದಾರೆ ಎಂದು ನೋಡುವ ಮೊದಲೇ.

ಎದುರಿಗೆ ಇದ್ದದ್ದು ಗಿಡ್ಡನೆಯ, ಅಗಲ ಮೈಯ ಹೆಂಗಸು. ನರೆತ ಒಂದೇ ಜಡೆ, ಕೆಂಪು ಏಪ್ರನ್, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಬೀಗದ ಕೈ. ಮೇಲಿನ ಮಹಡಿಯವರು. ಅಳಿಯನನ್ನು ಅವರು ನೋಡಲೂ ಇಲ್ಲ. ಸದ್ದು ಬಂದ ದಿಕ್ಕಿಗೆ ನೆಟ್ಟಗೆ ನಡೆದು ಬಂದು, ನನ್ನ ಎದುರಿಗೆ ನೆಲದ ಮೇಲೆ ಕೂತುಬಿಟ್ಟರು. ಎರಡೂ ಅಂಗೈ ಎತ್ತಿ ಗಾಳಿಯಲ್ಲಿ ಬಡಿದು ತೋರಿಸಿದರು, ಟಪ ಟಪ. "ಅಬ್ವೇಲಾ," ಎಂದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

ಅಬ್ವೇಲಾ ಎಂದರೆ ಅಜ್ಜಿ. ಅವರು ಮೆಕ್ಸಿಕೋ ದೇಶದ ಗುಡ್ಡದ ಊರಿನವರು. ಅಲ್ಲಿ ಗೋವಿನಜೋಳದ ಹಿಟ್ಟನ್ನು ಎರಡು ಅಂಗೈಗಳ ನಡುವೆ ಬಡಿದು ಬಡಿದು ತೋರ್ತಿಯಾ ಎಂಬ ರೊಟ್ಟಿ ಮಾಡುತ್ತಾರೆ. ಜರ್ಮನಿಗೆ ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು, ಗಂಡ ತೀರಿಕೊಂಡಿದ್ದರು. "ಇಪ್ಪತ್ತ ವರ್ಷ ಆತವ್ವಾ," ಎಂದರು, "ಈ ಗ್ವಾಡಿ ಒಳಗಿಂದ ಒಂದ ದಿನಾನೂ ಈ ಸಪ್ಪಳ ಬಂದಿದ್ದಿಲ್ಲ."

ರೊಟ್ಟಿ ಕೊಟ್ಟೆ. ಹೊಟ್ಟೆಯ ಮೇಲೆ ಕೈ ಇಟ್ಟು ಕೇಳಿ, ಶೇಂಗಾ ಹಿಂಡಿಯ ಜೊತೆ ಒಂದೂವರೆ ತಿಂದರು. ಸವಿತಾಳಿಂದ ಆಗಲೇ ಒಂದು ಮಾತು ಕಲಿತು, ಅಂಗೈ ತಟ್ಟೆಗೆ ಅಡ್ಡ ಹಿಡಿದು "ಸಾಕು" ಎಂದರು. ನಮ್ಮಲ್ಲಿ ಅತಿಥಿ ಮೊದಲ ಸಲ ಸಾಕು ಎಂದರೆ ಅದು ಮರ್ಯಾದೆಗೆ. ಎರಡನೆಯ ಸಲ ಅಂದರೆ ಸಂಕೋಚಕ್ಕೆ. ಮೂರನೆಯ ಸಲಕ್ಕೆ ನಂಬುವುದೋ ಬಿಡುವುದೋ ಬಡಿಸುವವಳ ಇಷ್ಟ. ಅವರ ಕೈ ಸರಿಸಿ ಇನ್ನೊಂದು ಹಾಕಿದೆ. ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ, ತಿನ್ನಲೂ ಇಲ್ಲ. ರೊಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡು ಕಾಗದದಲ್ಲಿ ಸುತ್ತಿ ಮೇಲಕ್ಕೆ ಒಯ್ದರು. ಸಂಜೆ ಬಂದು ಹೇಳಿದರು: "ಈಗ ಹಸಿವಾತು. ಈಗ ತಿಂದೆ. ಭಾಳ ರುಚಿ ಇತ್ತು."

ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು, ನಿಜ ಹೇಳಬೇಕೆಂದರೆ.

ಅವರ ಕೆಲಸ ಏನು ಗೊತ್ತೇ? ಊರಿನ ಒಂದು ದವಾಖಾನೆಯಲ್ಲಿ ರೋಗಿಗಳಿಗೆ ಪಥ್ಯ ಹೇಳುವುದು! ಅದನ್ನು ಕೇಳಿ ಸವಿತಾ ತನ್ನ ಫ್ರಿಜ್ಜಿನ ಕಾಗದವನ್ನು ಹೆಮ್ಮೆಯಿಂದ ತೋರಿಸಿದಳು. ಬಾಯಿಯವರು ಕನ್ನಡಕ ಏರಿಸಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ತಕ್ಕಡಿಯ ಕಡೆ ಬೆರಳು ತೋರಿಸಿ ಕೇಳಿದರು: "ಇದಕ್ಕ ಎಂದರ ಹಸಿವಾಗೇತೇನು?"

"ತಕ್ಕಡಿಗೆ ಎಲ್ಲೀದ ಹಸಿವು?" ಎಂದಳು ಸವಿತಾ.

"ಮತ್ತ ಊಟದ ಮಾತು ಅದಕ್ಕ್ಯಾಕ ಕೇಳ್ತಿ?"

ಸವಿತಾ ನಕ್ಕಳು. ಕಾಗದ ಮಾತ್ರ ಅಲ್ಲೇ ಇತ್ತು.

ಹಾಗೆಂದು ಬಾಯಿಯವರು ದೊಡ್ಡ ಸಾಧುಗಳೇನೂ ಅಲ್ಲ. ಹೇಳಿದ ಹೊತ್ತಿಗೆ ಬಂದವರೇ ಅಲ್ಲ. ಮೆಟ್ಟಿಲು ಗುಡಿಸುವ ತಮ್ಮ ಪಾಳಿಯನ್ನು ಮರೆತು ಕೆಳಗಿನ ಮುದುಕನಿಂದ ಬೈಸಿಕೊಳ್ಳುತ್ತಿದ್ದರು, ತಿರುಗಿ ಅವನಿಗಿಂತ ಜೋರಾಗಿ ಬೈಯುತ್ತಿದ್ದರು, ಮರುದಿನ ಅವನಿಗೇ ಒಂದು ಬಟ್ಟಲು ಹುರುಳಿಯಂಥ ಕಪ್ಪು ಕಾಳಿನ ಸಾರು ಕೊಟ್ಟು ಬರುತ್ತಿದ್ದರು. ಊಟವಾದ ಮೇಲೆ ಬಾಲ್ಕನಿಯಲ್ಲಿ ನಿಂತು ಒಂದು ಸಿಗರೇಟು. ನಾನು ಬಿಡುತ್ತೇನೆಯೇ?

"ಯಾಕ್ರಿ ಬಾಯಾರ, ಇದನ್ನೂ ಹೊಟ್ಟಿನ ಕೇಳ್ತೇನ್ರಿ?"

"ಇಲ್ಲವ್ವಾ. ಇದನ್ನ ಕೇಳಿದ್ದು ಈ ಹುಚ್ಚ ಬಾಯಿ."

ಒಂದು ದಿನ ಅವರ ಅಡುಗೆಮನೆಗೆ ಕರೆದೊಯ್ದು ಒಂದು ಪಾತ್ರೆಯ ಮುಚ್ಚಳ ತೆರೆದರು. ಗೋವಿನಜೋಳ ನೀರಿನಲ್ಲಿ ನೆನೆಯುತ್ತಿತ್ತು. ನೀರು ಬೆಳ್ಳಗೆ, ಮಣ್ಣಿನ ವಾಸನೆ. ಮೂಸಿದ ಕೂಡಲೇ ನನಗೆ ಗುರುತು ಸಿಕ್ಕಿತು. ಸೊಂಟದ ಚೀಲದಿಂದ ನನ್ನ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು ಅವರ ಮೂಗಿಗೆ ಹಿಡಿದೆ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು! ಸುಣ್ಣದಲ್ಲಿ ಬೇಯಿಸಿ ನೆನೆಸಿದರೆ ಜೋಳದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ, ಎಲುಬಿಗೆ ಒಳ್ಳೆಯದು. ಅವರ ಅಜ್ಜಿಯ ಅಜ್ಜಿಗೂ ಇದು ತಿಳಿದಿತ್ತಂತೆ. "ದವಾಖಾನಿ ಪುಸ್ತಕದಾಗ ಇದನ್ನ ಓದೂಕಿಂತ ಮೊದಲ ನಾ ಇದನ್ನ ಉಂಡಿದ್ದೆ," ಎಂದರು. "ಅಜ್ಜಿ ಉಣ್ಣಿಸಿದ್ದು ವಿಷ ಆಗಿದ್ರ ನಾ ಇಲ್ಲಿತನಕಾ ಬರ್ತಿದ್ದೆನೇನು?"

ಇಷ್ಟು ಒಳ್ಳೆಯ ಮಾತು ಕೇಳಿಯೂ ನಾನು ಮಾಡಿದ್ದೇನು? ಕಳ್ಳತನ.

ಗಿರಣಿಯವಳಿಗೆ ತಕ್ಕಡಿಯ ಮೋಸ ಯಾರೂ ಹೇಳಿಕೊಡಬೇಕಿಲ್ಲ. ಬಟ್ಟಲನ್ನು ಅದರ ಮೇಲಿಟ್ಟು ಗುಂಡಿ ಒತ್ತಿದರೆ ಬಟ್ಟಲಿನ ತೂಕ ಹೋಗಿ ಸೊನ್ನೆ ಬರುತ್ತದೆ ಎಂದು ನೋಡಿಕೊಂಡಿದ್ದೆ. ಮೊದಲೇ ಬಟ್ಟಲಿನ ತಳಕ್ಕೆ ಎರಡು ಚಮಚ ತುಪ್ಪ ಹಾಕಿ ಗುಂಡಿ ಒತ್ತಿದೆ. ಸೊನ್ನೆ! ಅದರ ಮೇಲೆ ಬೇಳೆ ಸುರಿದೆ. ಸವಿತಾ ಅಂಕಿ ನೋಡಿ ತಲೆಯಾಡಿಸಿ ಉಂಡಳು. ಹತ್ತು ದಿನ ಹೀಗೆ ನಡೆಯಿತು. ಕೆನ್ನೆ ತುಂಬುತ್ತಿದೆ ಎಂದು ನನ್ನಷ್ಟಕ್ಕೆ ನಾನು ಹಿಗ್ಗುತ್ತಿದ್ದೆ.

ಹನ್ನೊಂದನೆಯ ದಿನ ಊಟದ ಹೊತ್ತಿಗೆ ಕೂಸು ಅತ್ತಿತು. ಸವಿತಾ ಎದ್ದು ಹೋಗಿ ಮುಕ್ಕಾಲು ಗಂಟೆ ಬಿಟ್ಟು ಬಂದಳು. ಆ ದೇಶದ ಚಳಿ, ನನಗೆ ಮರೆತೇ ಹೋಗಿತ್ತು. ಬೇಳೆಯ ಮೇಲೆ ತುಪ್ಪ ಹೆಪ್ಪುಗಟ್ಟಿ ಹಳದಿ ಬಿಲ್ಲೆಯಾಗಿ ಕೂತಿತ್ತು.

"ಅವ್ವಾ. ಏನಿದು?"

ಸುಳ್ಳು ಬಾಯಿಗೆ ಬರಲಿಲ್ಲ. "ನೀ ಉಣ್ಣವಲ್ಲಿ, ನಾ ಏನ್ ಮಾಡ್ಲಿ?"

"ಎಷ್ಟ ದಿನದಿಂದ?"

"ಹತ್ತ ದಿನ."

ಅವಳು ಕೂಗಾಡಿದ್ದರೆ ನನಗೆ ಸಮಾಧಾನವಿತ್ತು. ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ಈ ಮನ್ಯಾಗ ನಂಬಬಹುದು ಅಂತ ಇದ್ದದ್ದು ನಿನ್ನ ಕೈ ಊಟ ಒಂದ," ಎಂದಳು. ಅಂದಿನಿಂದ ನನ್ನ ಕೈಯದು ಏನೂ ಮುಟ್ಟಲಿಲ್ಲ. ಅಂಗಡಿಯಿಂದ ತಂದ, ಹಲಗೆಯಂಥ ಒಣ ಬ್ರೆಡ್ಡು, ಒಂದು ಸೇಬು. ಸೇಬನ್ನೂ ತೂಗಿದಳು. ನಾನು ಮಾಡಿದ ರೊಟ್ಟಿ ಬುಟ್ಟಿಯಲ್ಲಿ ಒಣಗಿತು. ತಾಯಿ ಮಗಳು ಒಂದೇ ಅಡುಗೆಮನೆಯಲ್ಲಿ ಒಬ್ಬರ ಸೆರಗು ಒಬ್ಬರಿಗೆ ತಾಗದಂತೆ ತಿರುಗುತ್ತಿದ್ದೆವು.

ಮೂರನೆಯ ದಿನ ಹೆಬಾಮೆ ಬಂದು ತೂಗಿದಳು. ಕೂಸು ಹಿಂದಿನ ವಾರದಷ್ಟೇ ಇತ್ತು, ಒಂದು ತೊಲೆ ಹೆಚ್ಚಿಲ್ಲ. ಮುಂದಿನ ವಾರವೂ ಹೀಗೇ ಆದರೆ ತಾಯಿ ಕೂಸು ಇಬ್ಬರನ್ನೂ ಡಾಕ್ಟರಿಗೆ ತೋರಿಸಲೇಬೇಕು ಎಂದು ಹೇಳಿಹೋದಳು. ಅದೇ ಮಧ್ಯಾಹ್ನ ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಸವಿತಾಳಿಗೆ ಕಣ್ಣು ಕತ್ತಲೆ ಬಂತು. ಹಿಂದೆಯೇ ಬರುತ್ತಿದ್ದ ಬಾಯಿಯವರು ಕೈಚೀಲ ಬಿಸಾಕಿ ಒಂದು ಕೈಯಲ್ಲಿ ಕೂಸನ್ನು, ಇನ್ನೊಂದು ಕೈಯಲ್ಲಿ ಅವಳನ್ನು ಹಿಡಿದರು. ಬಟಾಟೆಗಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ಕೆಳಗಿನವರೆಗೆ ಹೋದವು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವರು ನಮ್ಮಿಬ್ಬರ ದೂರನ್ನೂ ಕೇಳಿದರು. ನಾನು ಅತ್ತುಬಿಟ್ಟೆ. ನನ್ನ ಪರ ವಹಿಸುತ್ತಾರೆ ಎಂದೇ ನಂಬಿದ್ದೆ. ಅವರು ನನ್ನ ಕೈ ಹಿಡಿದು ಹೇಳಿದರು: "ಅವ್ವಾ, ನೀನೂ ಆ ತಕ್ಕಡಿನೂ ಅಕ್ಕ ತಂಗಿ. ಅದು ಕಡಿಮಿ ತಿನ್ನು ಅಂತೈತಿ, ನೀ ಹೆಚ್ಚ ತಿನ್ನು ಅಂತಿ. ಅಕಿಗೆ ಏನ್ ಬೇಕಂತ ಇಬ್ಬರೂ ಕೇಳಂಗಿಲ್ಲ."

ಮೂರನೆಯ ಇಯತ್ತೆಯ ಮಾಸ್ತರ ಹೊಡೆದ ಛಡಿ ಏಟೂ ನನಗೆ ಅಷ್ಟು ತಾಗಿರಲಿಲ್ಲ.

ಶನಿವಾರ ಬಾಯಿಯವರು ನನ್ನ ಮಣೆ, ಹಿಟ್ಟು, ತುಪ್ಪದ ಡಬ್ಬಿ ಹೊರಿಸಿ ನಮ್ಮನ್ನು ತಮ್ಮ ಜೊತೆ ಕರೆದೊಯ್ದರು. ಕೊರಳಿನ ಆ ಬೀಗದ ಕೈ ಯಾವುದರದು ಎಂದು ಅಂದು ತಿಳಿಯಿತು. ಚರ್ಚಿನ ಹಿಂದೆ ಒಂದು ಹಾಲ್; ಅದರ ಒಂದು ಮೂಲೆಯಲ್ಲಿ ಒಲೆ, ನಡುವೆ ಉದ್ದನೆಯ ಮೇಜು. ಪ್ರತಿ ಶನಿವಾರ ಅಲ್ಲಿ ಹತ್ತು ಹದಿನೈದು ಹೆಂಗಸರು ಸೇರುತ್ತಿದ್ದರು. ಮೆಕ್ಸಿಕೋ, ಪೆರು, ಕೊಲಂಬಿಯಾ, ಹೀಗೆ ಸಮುದ್ರದ ಆಚೆಯ ದೇಶಗಳವರು. ಮನೆಗೆಲಸದವರು, ನರ್ಸುಗಳು, ಓದುವ ಹುಡುಗಿಯರು. ಒಬ್ಬೊಬ್ಬರೂ ತಮ್ಮ ಅಜ್ಜಿಯ ಒಂದು ಅಡುಗೆ ತರಬೇಕು. ತೂಕದ ಮಾತಿಲ್ಲ, ಮೈಯ ಮಾತಿಲ್ಲ, ಒತ್ತಾಯವಿಲ್ಲ. ನಾನು ಅದಕ್ಕೆ ಪಂಕ್ತಿ ಎಂದು ಹೆಸರಿಟ್ಟೆ. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಹಿಟ್ಟಿನ ಗಂಟುಗಳಿದ್ದವು. ಬಿಚ್ಚಿದಾಗ ನಮ್ಮ ಹಬ್ಬದ ಮನೆಯ ವಾಸನೆ.

ಊಟಕ್ಕೆ ಮೊದಲು ಬಾಯಿಯವರು ಮೇಜಿನ ಡ್ರಾಯರಿನಿಂದ ಒಂದು ಹಳೆಯ ಕಾಗದ ತೆಗೆದು ಸವಿತಾಳ ಮುಂದಿಟ್ಟರು. ಅವರದೇ ಅಕ್ಷರ. ಹೊಸದಾಗಿ ಪಥ್ಯದ ವಿದ್ಯೆ ಕಲಿತಾಗ, ಸಕ್ಕರೆ ರೋಗವಿದ್ದ ತಮ್ಮ ತಾಯಿಗೆ ಬರೆದು ಕಳಿಸಿದ್ದು. ಆಗ ಅವರಿಗೆ ಜರ್ಮನಿಯ ಪುಸ್ತಕವೇ ವೇದ. ತೋರ್ತಿಯಾ ಬೇಡ, ಕಾಳು ಬೇಡ ಎಂದು ಗೀಟು ಹೊಡೆದು, ಆ ಊರಿನಲ್ಲಿ ಸಿಗದ ಬ್ರೆಡ್ಡು ತಿನ್ನು ಎಂದು ಬರೆದಿದ್ದರು. ಮಗಳು ಓದಿದವಳೆಂದು ತಾಯಿ ಅದನ್ನು ದೇವರ ಪಟದ ಕೆಳಗೆ ಅಂಟಿಸಿ, ಸಾಯುವವರೆಗೆ ಪಾಲಿಸಿದರು. ಎಷ್ಟು ಬೇಕು, ಯಾವುದರ ಜೊತೆ ಬೇಕು ಎಂದು ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ.

"ನಮ್ಮವ್ವ ಮಧ್ಯಾಹ್ನ ಆದ್ರ ನೆರೆಮನಿ ಬಾಗಿಲದಾಗ ನಿಂದರ್ತಿದ್ಲಂತ," ಎಂದರು. "ಅವರ ಮನ್ಯಾಗ ತೋರ್ತಿಯಾ ಬಡೀತಿದ್ರು. ಬರೇ ವಾಸನಿ ತಗೊಂಡು ತಿರುಗಿ ಬರ್ತಿದ್ಲು. ಆಕಿ ಹೋದ ಮ್ಯಾಲೆ ನೆರೆಮನಿಯಾಕಿ ನನಗ ಹೇಳಿದ್ಲು."

ಆ ಭಾನುವಾರ ನಮ್ಮ ಬಾಗಿಲು ಬಡಿದದ್ದು ಏಕೆಂದು ನನಗಾಗ ಗೊತ್ತಾಯಿತು.

ಸವಿತಾ ಕಾಗದವನ್ನೇ ನೋಡುತ್ತ ಕೂತಳು. ಕೂಸು ಒಬ್ಬ ಪೆರುವಿನ ಹುಡುಗಿಯ ತೋಳಿನಲ್ಲಿತ್ತು. ಆಮೇಲೆ ಅವಳು ಎದ್ದು ತೋಳು ಮಡಚಿ ನನ್ನ ಮಣೆಯ ಎದುರು ಬಂದು ಕೂತಳು. "ಸರಿ ಸ್ವಲ್ಪ, ನಾ ಬಡೀತೀನಿ," ಎಂದಳು. ಮೂರು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು!

ಮೊದಲನೆಯದು ಹರಿಯಿತು. ಎರಡನೆಯದು ಆಫ್ರಿಕಾದ ನಕ್ಷೆಯಂತಾಯಿತು. ಹೆಂಗಸರೆಲ್ಲ ಕೂಗಿ ಹುರಿದುಂಬಿಸಿದರು. ಮೂರನೆಯದು ಚಂದ್ರನಂತೆ ದುಂಡಗೆ ಬಂತು, ಹಂಚಿನ ಮೇಲೆ ಹೊಟ್ಟೆ ಉಬ್ಬಿಸಿ ಎದ್ದಿತು. ಬಾಯಿಯವರು ತಮ್ಮ ಅಂಗೈಯನ್ನು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು, ಅಷ್ಟೇ. ಸವಿತಾ ನಾಚಿಕೊಂಡು ತಾನೂ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ನಾನು ಹಂಚಿನಿಂದ ರೊಟ್ಟಿ ಇಳಿಸಿದೆ.

"ಹಸಿವಾಗೇತವಾ," ಎಂದಳು. "ನನಗ ಭಾಳ ಹಸಿವಾಗೇತಿ."

ಒಂದು ರೊಟ್ಟಿ ಉಂಡಳು. "ಇನ್ನೊಂದು ಬೇಕು," ಎಂದಳು. ಬೇಕು! ಆ ಮಾತನ್ನು ಅವಳ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತು. ನನ್ನ ಕೈ ತುಪ್ಪದ ಡಬ್ಬಿಯ ಕಡೆ ತಾನಾಗಿಯೇ ಹೋಯಿತು. ಬಾಯಿಯವರು ಕಣ್ಣಿನಲ್ಲೇ ಗದರಿಸಿದರು, ಹಿಂದೆಗೆದೆ. ಡಬ್ಬಿಯನ್ನು ಸವಿತಾ ತಾನೇ ಎಳೆದುಕೊಂಡಳು. ಚಮಚ ತುಂಬ ತೆಗೆದು, ಎಲ್ಲರ ಕಣ್ಣೆದುರಿಗೆ, ರೊಟ್ಟಿಯ ಮೇಲೆ ಸವರಿದಳು. ಎರಡೂವರೆ ಉಂಡು ಅಂಗೈ ಅಡ್ಡ ಹಿಡಿದಳು. "ಸಾಕವಾ."

ನನ್ನ ಕೈಯಲ್ಲಿ ಬಿಸಿ ರೊಟ್ಟಿಯಿತ್ತು. ಅದನ್ನು ಹಾಕದೆ ಬುಟ್ಟಿಗೆ ತಿರುಗಿ ಇ‌ಟ್ಟೆನಲ್ಲ, ಅಷ್ಟು ಭಾರದ್ದನ್ನು ಗಿರಣಿಯಲ್ಲಿ ಒಂದು ದಿನವೂ ನಾನು ಎತ್ತಿಟ್ಟಿರಲಿಲ್ಲ. ಆದರೆ ಇಟ್ಟೆ. ಬಾಯಿಯವರು ಚಪ್ಪಾಳೆ ತಟ್ಟಿದ್ದು ಮಗಳಿಗಲ್ಲ, ನನಗೆ!

ಒಂದೇ ದಿನಕ್ಕೆ ಹೆದರಿಕೆ ಹೋಯಿತೇ? ಇಲ್ಲ. ಒಂದು ದಿನ ಉಂಡರೆ ಒಂದು ದಿನ ಹಿಂಜರಿದಳು. ದವಾಖಾನೆಯಲ್ಲಿ ಇದಕ್ಕೆಂದೇ ಇದ್ದ ಒಬ್ಬ ಡಾಕ್ಟರಮ್ಮನ ಬಳಿಗೂ ಬಾಯಿಯವರು ಅವಳನ್ನು ಕರೆದೊಯ್ದರು. ಆದರೆ ಪ್ರತಿ ಶನಿವಾರ ಮಣೆಯ ಮುಂದೆ ಕೂತಳು. ನಾನು ಒಂದೇ ಪ್ರಶ್ನೆ ಕಲಿತೆ: "ಏನ್ ಬೇಕವಾ?" ಉತ್ತರ ಬಂದ ಮೇಲೆ ಬಾಯಿ ಮುಚ್ಚುವುದನ್ನೂ ಕಲಿತೆ, ಅದು ಕಷ್ಟದ ಪಾಠ. ಮುಂದಿನ ವಾರ ಹೆಬಾಮೆ ಕೂಸನ್ನು ತೂಗಿ, ಎರಡು ಬೆರಳು ಎತ್ತಿ ತೋರಿಸಿ ನಕ್ಕಳು: ಇನ್ನೂರು ಗ್ರಾಂ! ಅಳಿಯ ಬಾಗಿಲಿಗೇ ನಿಂತು ಕೂಗಿದರು, ಹೌಸ್‌ಓರ್ಡ್ನುಂಗ್ ಮರೆತು. ಫ್ರಿಜ್ಜಿನ ಕಾಗದ ಯಾವಾಗ ಹೋಯಿತೋ ಕಾಣೆ, ಒಂದು ಮುಂಜಾನೆ ಇರಲಿಲ್ಲ. ತಕ್ಕಡಿ ಮಾತ್ರ ಉಳಿಯಿತು, ಊರಿಗೆ ಬರೆಯುವ ಪತ್ರಕ್ಕೆ ಎಷ್ಟು ಅಂಚೆಚೀಟಿ ಹಚ್ಚಬೇಕೆಂದು ತೂಗುವುದಕ್ಕೆ.

ಸವಿತಾ ಆಫೀಸಿಗೆ ಹೋದ ಮೊದಲ ದಿನ ದೊಡ್ಡ ಅಳತೆಯ ಹೊಸ ಪ್ಯಾಂಟು ಹಾಕಿಕೊಂಡಳು. ಚೀಲದಲ್ಲಿ ಡಬ್ಬಿಯಿತ್ತು. ಬಾಯಿಯವರು ಮೇಲಿನ ಬಾಲ್ಕನಿಯಿಂದ ಬಗ್ಗಿ, "ಕಿಟಕಿ ತೆಗದ್ರ ತೆಗೀಲಿ, ಗಾಳಿ ಬರ್ತೈತಿ!" ಎಂದು ಕೂಗಿದರು. ಆ ವಾರವೇ ನನ್ನ ವೀಸಾ ಮುಗಿಯಿತು. ಹೊರಡುವಾಗ ನನ್ನ ಮಣೆಯನ್ನು ಚರ್ಚಿನ ಹಿಂದಿನ ಆ ಹಾಲ್‌ನಲ್ಲಿ ಬಿಟ್ಟು ಬಂದೆ. ಅವರು ನನಗೆ ತಮ್ಮ ಅಜ್ಜಿಯ ಮಣ್ಣಿನ ಹಂಚು ಕೊಟ್ಟರು. ಇಂದಿಗೂ ನನ್ನ ರೊಟ್ಟಿ ಅದರ ಮೇಲೇ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಸಾವಿರ ಸಲ ಹೇಳಿದವಳು ನಾನು. ಬಲ್ಲವರನ್ನು ಕಂಡದ್ದು ಅಲ್ಲಿ.

ಈಗ ತಡೆಯುವುದಿಲ್ಲ, ಹೇಳಿಬಿಡುತ್ತೇನೆ. ಮೊಮ್ಮಗಳು ಫೋಟೋ ಕಳಿಸಿದ್ದಾಳೆ. ಅದೇ ಹಾಲ್, ಅದೇ ಮೇಜು. ಬಾಯಿಯವರ ಜಡೆ ಪೂರ್ತಿ ಬೆಳ್ಳಗಾಗಿದೆ, ಕೊರಳು ಬರಿದಾಗಿದೆ. ಆ ದಾರ, ಆ ಬೀಗದ ಕೈ ನನ್ನ ಬನಶ್ರೀಯ ಕೊರಳಲ್ಲಿದೆ! ಒಂದು ತೊಲೆ ಏರಲಿಲ್ಲವೆಂದು ಹೆಬಾಮೆ ಮುಖ ಸಣ್ಣ ಮಾಡಿದ್ದ ಕೂಸು ಅದು. ಈಗ ಅದೇ ಊರಿನಲ್ಲಿ ಪಥ್ಯದ ವಿದ್ಯೆ ಓದಿ ಮುಗಿಸಿದ್ದಾಳೆ. ಅಲ್ಲಿನ ಅಜ್ಜಿಯರ ಅಡುಗೆಗಳನ್ನೆಲ್ಲ ಬಾಯಿಯವರ ಜೊತೆ ಕೂತು ಬರೆದುಕೊಂಡಿದ್ದಾಳಂತೆ. ಅದರಲ್ಲಿ ನನ್ನ ಜೋಳದ ರೊಟ್ಟಿಯೂ ಒಂದು.

ಫೋನಿನಲ್ಲಿ ಬನಶ್ರೀ ಅರ್ಧ ಜರ್ಮನ್, ಅರ್ಧ ಕನ್ನಡ ಮಾತಾಡುತ್ತಾಳೆ. "ಓಮಾ" ಎಂದು ಶುರುಮಾಡಿ "ಅಜ್ಜಿ"ಗೆ ಬರುತ್ತಾಳೆ.

"ಅಜ್ಜಿ, ಅರವತ್ತು ರೊಟ್ಟಿ! ನಾನೇ ಬಡಿದೆ, ನಿನ್ನ ಮಣೆ ಮೇಲೆ. ಕೈ ಎಲ್ಲ ಕೆಂಪು."

"ಬಾಯಾರು ಉಂಡ್ರೇನವಾ?"

"ಒಂದೂವರೆ ಉಂಡ್ರು. ಆಮೇಲೆ ಕೈ ಅಡ್ಡ ಇಟ್ರು, ಸಾಕು ಅಂದ್ರು. ನಾನು ನಿಲ್ಲಿಸ್ದೆ."

"ಶಾಣ್ಯಾಕಿ," ಎಂದೆ. ನಿಜವಾಗಿಯೂ ಹೆಮ್ಮೆಯಿಂದಲೇ ಎಂದೆ.

"ಕೇಳು ಅಜ್ಜಿ, ಮುಗಿದಿಲ್ಲ. ಅವರು ಹೊಟ್ಟೆ ಮೇಲೆ ಕೈ ಇಟ್ಕೊಂಡು ಮತ್ತೆ ಕೇಳಿದ್ರು. ಆಮೇಲೆ ನಕ್ಕರು. ‘ನಿನ್ನ ಅಜ್ಜಿ ಇದ್ದಿದ್ರೆ ನನ್ನ ಕೈ ಸರಿಸಿ ಇನ್ನೊಂದು ಹಾಕ್ತಿದ್ಲು. ಇವತ್ತು ಅದೇ ಬೇಕು ಅಂತಿದೆ. ಹಾಕು, ಅವಳ ಹೆಸರಲ್ಲಿ’ ಅಂದ್ರು."

ಫೋನನ್ನು ಕಿವಿಗೆ ಒತ್ತಿಕೊಂಡೆ. "ಹಾಕಿದೇನವಾ?"

"ಹಾಕಿದೆ. ಪೂರ್ತಿ ಉಂಡ್ರು ಅಜ್ಜಿ, ಒಂದು ಚೂರೂ ಬಿಡಲಿಲ್ಲ."